ವಿಹಾರ ನೌಕೆಯ ಪ್ರವಾಸ: ಜಾಹೀರಾತಿನ ದರವೂ ನೈಜ ವೆಚ್ಚವೂ

ಐದು ಅಶ್ವಶಕ್ತಿಯ ಮೋಟಾರು ಕೊಳ್ಳಲು ಮೂರು ಕೊಟೇಶನ್ ತರಿಸುವ ಉದ್ಯಮಿಯು ಹಲವು ಲಕ್ಷ ರೂಪಾಯಿಗಳ ವಿಹಾರ ನೌಕೆಯ ಪ್ರವಾಸವನ್ನು ಒಂದು ಬಣ್ಣದ ಕರಪತ್ರ ನೋಡಿ ನಿಶ್ಚಯಿಸುವುದುಂಟು. ಈ ಹಣವನ್ನು ತಿಂಗಳುಗಳ ಮೊದಲೇ ಕಟ್ಟಬೇಕು. ಒಂದು ಹಂತ ದಾಟಿದ ಮೇಲೆ ಅದರ ಬಹುಪಾಲು ಹಿಂದಕ್ಕೆ ಬಾರದು. ಆದುದರಿಂದ ಸರಕು ಖರೀದಿಯಲ್ಲಿ ಅನುಸರಿಸುವ ಎಚ್ಚರವನ್ನು ಇಲ್ಲಿಯೂ ಅನುಸರಿಸುವುದು ಸೂಕ್ತ.

ನೌಕಾ ಸಂಸ್ಥೆಗಳನ್ನು ಸ್ಥೂಲವಾಗಿ ಮೂರು ದರ್ಜೆಗಳಲ್ಲಿ ಕಾಣಬಹುದು. ರಾಯಲ್ ಕೆರಿಬಿಯನ್, ಎಂಎಸ್‌ಸಿ, ಕೋಸ್ಟಾ ಮುಂತಾದವು ಸಾಮಾನ್ಯ ದರ್ಜೆಯವು. ಸೆಲೆಬ್ರಿಟಿ, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಸಂಸ್ಥೆಗಳು ಮಧ್ಯಮ ದರ್ಜೆಗೂ, ಓಷಿಯಾನಿಯಾ ಅದಕ್ಕಿಂತ ತುಸು ಮೇಲಕ್ಕೂ ಸಲ್ಲುತ್ತವೆ. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ಸಂಸ್ಥೆಗಳದು ನಿಜವಾದ ಐಷಾರಾಮಿ ದರ್ಜೆ. ಜಾಹೀರಾತಿನಲ್ಲಿ ‘ಲಕ್ಷುರಿ’ ಎಂಬ ಪದವನ್ನು ಮೂರೂ ದರ್ಜೆಯವರು ಧಾರಾಳವಾಗಿ ಬಳಸುತ್ತಾರೆ. ಆ ಪದಕ್ಕಿಂತ ನಂಬಲರ್ಹವಾದ ಅಳತೆಯೊಂದಿದೆ: ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸುವುದು. ಇಲ್ಲಿ ಟನ್ನೇಜು ಎಂದರೆ ತೂಕವಲ್ಲ, ಹಡಗಿನ ಒಳಗಿನ ಸ್ಥಳದ ಅಳತೆ. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಸುಮಾರು 2,48,000 ಟನ್ನೇಜಿನದು. ಕೊಠಡಿಗೆ ಇಬ್ಬರಂತೆ ಲೆಕ್ಕ ಹಾಕಿದರೆ ಸುಮಾರು 5,600 ಪ್ರಯಾಣಿಕರು, ಅಂದರೆ ತಲಾ 44. ರೀಜೆಂಟ್ ಸಂಸ್ಥೆಯ ‘ಸೆವೆನ್ ಸೀಸ್ ಎಕ್ಸ್‌ಪ್ಲೋರರ್’ ಕೇವಲ 55,000 ಟನ್ನೇಜಿನ ಚಿಕ್ಕ ಹಡಗಾದರೂ ಪ್ರಯಾಣಿಕರು ಹೆಚ್ಚೆಂದರೆ 750. ತಲಾ 73ರ ಆಸುಪಾಸು. ಓಷಿಯಾನಿಯಾದ ‘ಮರೀನಾ’ ಈ ಲೆಕ್ಕದಲ್ಲಿ 50ನ್ನು ದಾಟುತ್ತದೆ. ಸರತಿಯ ಸಾಲು, ಊಟದ ಮೇಜಿಗಾಗಿ ಕಾಯುವಿಕೆ, ಈಜುಕೊಳದ ಗದ್ದಲ ಇವೆಲ್ಲವೂ ಬಹುಮಟ್ಟಿಗೆ ಈ ಅಂಕಿಯನ್ನೇ ಅವಲಂಬಿಸಿರುತ್ತವೆ.

ಇನ್ನು ದರದ ವಿಚಾರ. ಕಾರ್ಖಾನೆಯ ಬಾಗಿಲಿನ ದರಕ್ಕೂ ಗೋದಾಮು ತಲುಪಿದಾಗಿನ ದರಕ್ಕೂ ಇರುವ ಅಂತರವನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಉದಾಹರಣೆಗಾಗಿ, ಏಳು ರಾತ್ರಿಗಳ ಯಾನಕ್ಕೆ ಒಂದು ಸಾಮಾನ್ಯ ದರ್ಜೆಯ ಸಂಸ್ಥೆಯು ತಲಾ 900 ಡಾಲರ್ ದರ ಪ್ರಕಟಿಸಿದೆಯೆಂದು ಕಲ್ಪಿಸಿಕೊಳ್ಳೋಣ. ಇದಕ್ಕೆ ಬಂದರು ಶುಲ್ಕ ಮತ್ತು ತೆರಿಗೆ 150, ದಿನಕ್ಕೆ 18ರಂತೆ ಸಿಬ್ಬಂದಿಯ ಭಕ್ಷೀಸು 126, ದಿನಕ್ಕೆ 75ರಂತೆ ಪಾನೀಯಗಳ ಪ್ಯಾಕೇಜ್ 525, ದಿನಕ್ಕೆ 20ರಂತೆ ಇಂಟರ್ನೆಟ್ 140, ವಿಶೇಷ ಭೋಜನಶಾಲೆಗಳಿಗೆ 100 ಕೂಡಿಸಿದರೆ ಮೊತ್ತ 1,941 ಡಾಲರ್, ರಾತ್ರಿಯೊಂದಕ್ಕೆ 277. ಇವೆಲ್ಲವನ್ನೂ ಒಳಗೊಂಡ ಮೇಲ್ದರ್ಜೆಯ ಹಡಗಿನ ದರ 2,450 ಎಂದಿಟ್ಟುಕೊಂಡರೆ ರಾತ್ರಿಗೆ 350 ಆಯಿತು. ಕರಪತ್ರದಲ್ಲಿ ಎರಡೂವರೆ ಪಟ್ಟಿಗೂ ಮೀರಿ ಕಂಡ ವ್ಯತ್ಯಾಸವು ಲೆಕ್ಕದಲ್ಲಿ ಶೇ. 26ಕ್ಕೆ ಇಳಿಯಿತು.

ಆದರೆ ಇದೇ ಲೆಕ್ಕವನ್ನು ಮದ್ಯ ಮುಟ್ಟದ ಕುಟುಂಬಕ್ಕೆ ಅನ್ವಯಿಸಿ ನೋಡಬೇಕು. ಪಾನೀಯಗಳ 525 ಡಾಲರ್ ಕಳೆದರೆ ಮೊದಲನೆಯ ಹಡಗಿನ ವೆಚ್ಚ 1,416ಕ್ಕೆ ಇಳಿಯುತ್ತದೆ. ಎರಡನೆಯದು 2,450ರಲ್ಲಿಯೇ ನಿಲ್ಲುತ್ತದೆ. ನಮ್ಮ ವರ್ತಕ ಸಮುದಾಯದಲ್ಲಿ ಇಂತಹ ಕುಟುಂಬಗಳು ಬಹಳ. ಎಲ್ಲವನ್ನೂ ಒಳಗೊಂಡ ದರವೆಂದು ಹಿಗ್ಗಿ ಕೊಂಡು, ಪಕ್ಕದ ಮೇಜಿನವರ ದ್ರಾಕ್ಷಾರಸಕ್ಕೆ ತಾವು ಹಣ ತೆತ್ತಂತೆ ಆಗಬಾರದು. ಅನೇಕ ಸಂಸ್ಥೆಗಳಲ್ಲಿ ಒಂದೇ ಕೊಠಡಿಯ ವಯಸ್ಕರ ಪೈಕಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಉಳಿದವರೂ ಕೊಳ್ಳಬೇಕೆಂಬ ನಿಯಮವಿರುವುದನ್ನೂ ವಿಚಾರಿಸಿಕೊಳ್ಳಬೇಕು. ಶುದ್ಧ ಸಸ್ಯಾಹಾರ ಅಥವಾ ಜೈನ ಆಹಾರ ಬೇಕಿದ್ದವರು ಅದನ್ನು ಮುಂಗಡ ಕಟ್ಟುವ ಮುನ್ನ ಲಿಖಿತವಾಗಿ ಪಡೆಯುವುದು ಕ್ಷೇಮ.

ಇಂತಹ ಕುಟುಂಬಗಳಿಗೆ ಓಷಿಯಾನಿಯಾದಂತಹ ಮೇಲು-ಮಧ್ಯಮ ದರ್ಜೆ ಹೆಚ್ಚು ಒಪ್ಪುತ್ತದೆ. ಅಲ್ಲಿ ವಿಶೇಷ ಭೋಜನಶಾಲೆಗಳಿಗೆ ಪ್ರತ್ಯೇಕ ಶುಲ್ಕವಿಲ್ಲ. ಮಕ್ಕಳೊಂದಿಗೆ ಹೋಗುವವರಿಗೆ ಮತ್ತೊಂದು ಮಾರ್ಗವಿದೆ: ಎಂಎಸ್‌ಸಿ ಸಂಸ್ಥೆಯ ‘ಯಾಟ್ ಕ್ಲಬ್’, ನಾರ್ವೀಜಿಯನ್ ಸಂಸ್ಥೆಯ ‘ಹೇವನ್’. ದೊಡ್ಡ ಹಡಗಿನೊಳಗೇ ಪ್ರತ್ಯೇಕಿಸಿದ ಈ ಭಾಗಗಳಲ್ಲಿ ಖಾಸಗಿ ಭೋಜನಶಾಲೆ, ಈಜುಕೊಳ ಮತ್ತು ಬಟ್ಲರ್ ಸೇವೆ ಇರುತ್ತವೆ. ಮಕ್ಕಳಿಗೆ ಇಡೀ ಹಡಗಿನ ಆಟಪಾಟಗಳೂ ಲಭ್ಯ. ಅನುಭವವಿಲ್ಲದವರು ಮೊದಲು 2021ರಲ್ಲಿ ಮುಂಬಯಿಯಿಂದ ಆರಂಭವಾದ ಕಾರ್ಡೇಲಿಯಾ ಸಂಸ್ಥೆಯ ಕೆಲವೇ ರಾತ್ರಿಗಳ ಯಾನದಲ್ಲಿ ಸಮುದ್ರ ತಮಗೆ ಒಗ್ಗುವುದೇ ಎಂದು ನೋಡಬಹುದು. ಅದು ಐಷಾರಾಮಿ ದರ್ಜೆಯದಲ್ಲ, ಹಡಗೂ 1990ರದು. ಆದರೆ ದರ ರೂಪಾಯಿಯಲ್ಲಿದ್ದು, ಗೋವಾ–ಲಕ್ಷದ್ವೀಪದಂತಹ ಮಾರ್ಗಗಳಿಗೆ ವೀಸಾ ಬೇಡ. ನವ ಮಂಗಳೂರು ಬಂದರಿಗೂ ವಿದೇಶೀ ವಿಹಾರ ನೌಕೆಗಳು ಬರುತ್ತವೆಯಾದರೂ ಅವು ಸಾಮಾನ್ಯವಾಗಿ ತಮ್ಮ ಪ್ರವಾಸಿಗರಿಗೆ ಊರು ತೋರಿಸಲು ಬರುವಂಥವು.

ಸಂಸ್ಥೆಯ ಆರ್ಥಿಕ ಸ್ಥಿತಿಯನ್ನು ಪ್ರವಾಸಿಗರು ವಿಚಾರಿಸುವುದು ವಿರಳ. ಮುಂಗಡ ಕಟ್ಟಿದ ಗ್ರಾಹಕನು ವಾಸ್ತವವಾಗಿ ಭದ್ರತೆಯಿಲ್ಲದ ಸಾಲಿಗನೆಂಬುದನ್ನು ಮರೆಯುವಂತಿಲ್ಲ. 2019ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಸಂಭ್ರಮದಿಂದ ಆರಂಭವಾದ ಜಲೇಶ್ ಕ್ರೂಸಸ್ 2020ರಲ್ಲಿಯೇ ಮುಚ್ಚಿತು. ಐಷಾರಾಮಕ್ಕೆ ಹೆಸರಾಗಿದ್ದ ಕ್ರಿಸ್ಟಲ್ ಸಂಸ್ಥೆಯೂ ತನ್ನ ಮಾತೃಸಂಸ್ಥೆ ಗೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ಕುಸಿದಾಗ ಯಾನ ನಿಲ್ಲಿಸಬೇಕಾಯಿತು. 2023ರಲ್ಲಿ ಬೇರೆ ಮಾಲೀಕತ್ವದಲ್ಲಿ ಅದು ಪುನರಾರಂಭಗೊಂಡಿತು. ಸಿಲ್ವರ್‌ಸೀ ಮತ್ತು ಸೆಲೆಬ್ರಿಟಿ ರಾಯಲ್ ಕೆರಿಬಿಯನ್ ಸಮೂಹಕ್ಕೂ, ಸೀಬೋರ್ನ್ ಮತ್ತು ಪ್ರಿನ್ಸೆಸ್ ಕಾರ್ನಿವಲ್ ಸಮೂಹಕ್ಕೂ, ಓಷಿಯಾನಿಯಾ ಮತ್ತು ರೀಜೆಂಟ್ ನಾರ್ವೀಜಿಯನ್ ಸಮೂಹಕ್ಕೂ ಸೇರಿವೆ. ಈ ಮೂರೂ ಸಮೂಹಗಳ ಷೇರುಗಳು ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿತವಾಗಿರುವುದರಿಂದ ಲೆಕ್ಕಪತ್ರಗಳು ಬಹಿರಂಗವಾಗಿ ದೊರೆಯುತ್ತವೆ.

ಮೆಡಿಟರೇನಿಯನ್ ಯಾನವು ನಡುವೆ ಟರ್ಕಿಗೆ ಹೋಗಿ ಮತ್ತೆ ಗ್ರೀಸ್ ಮುಟ್ಟುವುದಾದರೆ ಬಹುಪ್ರವೇಶದ ಷೆಂಗೆನ್ ವೀಸಾ ಅಗತ್ಯ. ವೀಸಾ ನಿರಾಕರಣೆಯನ್ನು ಸಾಮಾನ್ಯವಾಗಿ ಹಣ ಮರುಪಾವತಿಗೆ ಕಾರಣವೆಂದು ಒಪ್ಪುವುದಿಲ್ಲ. ಆದುದರಿಂದ ಪೂರ್ಣ ಹಣ ಕಟ್ಟುವ ಗಡುವನ್ನೂ ವೀಸಾ ದೊರೆಯುವ ಕಾಲವನ್ನೂ ಮೊದಲೇ ತಾಳೆ ನೋಡಬೇಕು.

ತೆರಿಗೆಯ ಬಗ್ಗೆ ಎರಡು ಮಾತು. ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿಯೇ ಸಂಗ್ರಹಿಸುತ್ತಿರುವ ತೆರಿಗೆಯ ದರ ಹಲವು ಬಾರಿ ಬದಲಾಗಿದೆ. ಹಣ ಕಟ್ಟುವ ದಿನದ ದರವನ್ನು ಕೇಳಿ ತಿಳಿಯಬೇಕು. ಅದು ವೆಚ್ಚವಲ್ಲ, ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಜಮಾ ಪಡೆಯಬಹುದಾದ ಮೊತ್ತ. ಕುಟುಂಬದ ವಿಹಾರವನ್ನು ವ್ಯವಹಾರದ ಪ್ರಯಾಣ ವೆಚ್ಚವೆಂದು ತೋರಿಸುವುದಾಗಲಿ, ಅದರ ಜಿಎಸ್‌ಟಿ ಹೂಡುವಳಿ ಜಮಾ ಪಡೆಯುವುದಾಗಲಿ ಸಲ್ಲದು. ಮಾಲೀಕರ ಸಂಸ್ಥೆಯ ಖಾತೆಯಿಂದ ಪಾವತಿಸಿದ್ದಲ್ಲಿ ಡ್ರಾಯಿಂಗ್ಸ್‌ಗೆ ಖರ್ಚು ಬರೆಯಬೇಕು. ಮಾರಾಟದ ಗುರಿ ಮುಟ್ಟಿದ್ದಕ್ಕಾಗಿ ತಯಾರಕ ಕಂಪನಿಯು ಡೀಲರನಿಗೆ ಉಚಿತವಾಗಿ ಕೊಡುವ ಹಡಗಿನ ಪ್ರವಾಸವೂ ಆದಾಯವೇ. ವರ್ಷದಲ್ಲಿ ಇಂತಹ ಸೌಲಭ್ಯಗಳ ಮೌಲ್ಯ 20,000 ರೂಪಾಯಿ ಮೀರಿದರೆ 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಶೇ. 10ರ ತೆರಿಗೆ ಕಡಿತ ಅನ್ವಯಿಸುತ್ತದೆ. ಅದನ್ನು ಯಾರು ಭರಿಸುವರೆಂಬುದನ್ನು ಕಂಪನಿಯಿಂದ ಪ್ರಯಾಣಕ್ಕೆ ಮೊದಲೇ ಪತ್ರಮುಖೇನ ತಿಳಿದುಕೊಳ್ಳತಕ್ಕದ್ದು.