ಹೋಟಗಿಯಿಂದ ‘ಸ್ವಯಂ’ವರೆಗೆ: ಉನ್ನತ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ

ವಿಜಯಪುರ, ಗದಗದ ಕಡೆಗೆ ರೈಲು ಮಾರ್ಗ ಕವಲೊಡೆಯುವ ಹೋಟಗಿ ಜಂಕ್ಷನ್ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿದೆ. ಸುತ್ತಲಿನ ಹಲವು ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಇಲ್ಲಿನ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ವ್ಯಾಪ್ತಿ ಒಂದೇ ಜಿಲ್ಲೆ. 2019ರಲ್ಲಿ ಅದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಹೆಸರಿಡಲಾಯಿತು.

ಇಂಥ ಕಡೆಯ ವಿದ್ಯಾರ್ಥಿಗಳೂ ಬಳಸಬಹುದಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರಿಂದ ಉದ್ಘಾಟನೆಗೊಂಡಿತು. ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ ಪರೀಕ್ಷೆ, ಚರ್ಚಾ ವೇದಿಕೆ ಇದರ ನಾಲ್ಕು ಅಂಗಗಳು. ಕಲಿಕೆ ಉಚಿತ; ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಯುಜಿಸಿಯ 2016ರ ನಿಯಮ ಶೇ 20ರಷ್ಟು ಕ್ರೆಡಿಟ್‌ಗಳನ್ನು ಹೀಗೆ ಗಳಿಸಲು ಬಿಟ್ಟಿತ್ತು; 2021ರಲ್ಲಿ ಆ ಮಿತಿ ಶೇ 40ಕ್ಕೆ ಏರಿತು. ಅದೇ ವರ್ಷ ಜುಲೈ 29ರಂದು ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಆರಂಭವಾಯಿತು.

ವಿದ್ಯಾರ್ಥಿಗಳು ಎಡವುವುದು ಇಲ್ಲಿ: ‘ಸ್ವಯಂ’ಗೆ ಇಂಟರ್ನೆಟ್ ಬೇಕು, ‘ಸ್ವಯಂ ಪ್ರಭಾ’ಗೆ ಬೇಡ. ಎರಡನೆಯದು ಜಿಸ್ಯಾಟ್-15 ಉಪಗ್ರಹದ ಮೂಲಕ ಬರುವ ಡಿಟಿಎಚ್ ವಾಹಿನಿಗಳ ಸಮೂಹ. ನೆಟ್‌ವರ್ಕ್ ಸರಿಯಾಗಿ ಸಿಗದ ಹಳ್ಳಿಗೆ ಇದೇ ಹೆಚ್ಚು ಉಪಕಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್ ಇವೆಲ್ಲಕ್ಕಿಂತ ಹಳೆಯದು, 2003ರದು. ಅದರ ಕೆಲವು ಪಾಠಗಳ ಕನ್ನಡ ಮತ್ತು ಮರಾಠಿ ಅನುವಾದಗಳೂ ಲಭ್ಯ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಎದುರಿಸುವ ಗಡಿನಾಡ ವಿದ್ಯಾರ್ಥಿಗೆ ಇಂಥ ಅನುವಾದಗಳು ಇನ್ನೂ ಬಹಳಷ್ಟು ಬೇಕು.