ಡ್ರೋನ್ ಬಂದ ಮೇಲೆ ಆಳುಗಳಿಗೆ ಯಾವ ಕೆಲಸ?

ತೊಗರಿಗೆ ಎಣ್ಣೆ ಹೊಡೆಯುವ ಡ್ರೋನ್ ನಮ್ಮ ಭಾಗಕ್ಕೂ ಬಂದಿದೆ. ಅದರ ಬಾಡಿಗೆ, ಸಹಾಯಧನದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಯಾರ ಕೈ ಖಾಲಿಯಾಯಿತು, ಆ ಕೈಯಲ್ಲಿದ್ದ ವಿದ್ಯೆ ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ.

ಹೊಲದ ಗಡಿ ಗುರುತು ಮಾಡಿಕೊಟ್ಟರೆ ಯಂತ್ರ ತಾನೇ ಸಾಲು ಹಿಡಿದು ಹಾರುತ್ತದೆ. ಎಕರೆಗೆ 10 ಲೀಟರ್ ನೀರು, ಹತ್ತು ನಿಮಿಷದೊಳಗೆ ಕೆಲಸ ಮುಗೀತದೆ. ಬೆನ್ನಿನ ಪಂಪಿಗಾದರೆ ಎಕರೆಗೆ 200 ಲೀಟರ್ ಹತ್ತಿರ ನೀರು ಬೇಕು. ಹೊಡೆಯಲು ಇಬ್ಬರು, ಹಳ್ಳದಿಂದ ಕೊಡ ಹೊತ್ತು ತರಲು ಇಬ್ಬರು ಹೆಣ್ಣಾಳು. ಎದೆ ಎತ್ತರದ ತೊಗರಿಯಲ್ಲಿ ಎಣ್ಣೆ ಮೈಮೇಲೆ ಬಿದ್ದು ತಲೆ ಸುತ್ತಿ ಕೂತವರನ್ನು ನೋಡಿದ್ದೇನೆ. ಆ ಕಷ್ಟ ತಪ್ಪಿದ್ದಕ್ಕೆ ನಾನಂತೂ ಅಳುವುದಿಲ್ಲ.

ಆದರೆ ನಾಲ್ಕು ಆಳಿನ ಜಾಗದಲ್ಲಿ ಈಗ ಒಬ್ಬ ಪೈಲಟ್, ಒಬ್ಬ ಸಹಾಯಕ. 2021ರ ಡ್ರೋನ್ ನಿಯಮದಲ್ಲಿ ಪೈಲಟ್ ಪ್ರಮಾಣಪತ್ರಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು ಅಂತ ಬರೆದಿದ್ದಾರೆ. ಏಳನೇ ಓದಿದ ನನಗೂ, ಶಾಲೆ ಕಾಣದೆ ನೀರು ಹೊತ್ತ ಹೆಣ್ಣುಮಕ್ಕಳಿಗೂ ಬಾಗಿಲು ಅಲ್ಲೇ ಮುಚ್ಚಿತು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ. ಶೇ. 80 ಸಹಾಯಧನ, 8 ಲಕ್ಷ ರೂಪಾಯಿ ಮಿತಿ, ಒಬ್ಬ ಸದಸ್ಯೆಗೆ 15 ದಿನ ತರಬೇತಿ. ಒಳ್ಳೆಯದೇ. ಸಂಘಕ್ಕೊಬ್ಬಳು ಮೇಲೆ ಬಂದಳು. ಉಳಿದವರು?

ಉಳಿದವರ ಕೆಲಸ ಗಿಡದ ಕೆಳಗದೆ. ಪಂಪು ಹೊತ್ತವ ಸಾಲಿನಲ್ಲಿ ನಡೆಯುತ್ತ ಮೊಗ್ಗಿನಲ್ಲಿ ತತ್ತಿ, ಹೂವಿನಲ್ಲಿ ಕಾಯಿಕೊರಕದ ಮರಿಹುಳ ನೋಡ್ತಿದ್ದ. "ಅಣ್ಣಾ, ಈ ಕಡಿ ಹುಳಾ ಇಲ್ಲ, ಬಿಡ್ರಿ" ಅಂತ ಹೇಳ್ತಿದ್ದ. ಮೇಲಿಂದ ಹಾರುವ ನಮ್ಮೂರಿನ ಡ್ರೋನ್ ಇದನ್ನು ಹೇಳೋದಿಲ್ಲ. ಕರೆದರೆ ಬಂತು, ಇಡೀ ಹೊಲಕ್ಕೆ ಹೊಡೆದು ಹೋಯಿತು.

ನಾನು ಮಾಡುವುದು ಹೀಗೆ. ಮೊಗ್ಗು ಕಂಡಾಗಿನಿಂದ ವಾರಕ್ಕೆರಡು ಸಲ ಹಳೇ ಆಳು ಒಬ್ಬರಿಗೆ ಅರ್ಧ ದಿನದ ಕೂಲಿ ಕೊಟ್ಟು ಹೊಲ ಸುತ್ತಿಸುತ್ತೇನೆ. ಮೂಲೆಗಳಲ್ಲಿ, ನಡುವಿನಲ್ಲಿ ಸೇರಿ 20 ಗಿಡ. ಬುಡಕ್ಕೆ ಹಳೇ ಸೀರೆ ಹಾಸಿ ಗಿಡ ಜಾಡಿಸಿ, ಬಿದ್ದ ಹುಳ ಎಣಿಸಬೇಕು. ಬಿಸಿಲು ಏರುವ ಮೊದಲೇ ಮಾಡಿದರೆ ಆಳಿಗೂ ಹಗುರ. ಮೋಹಕ ಬಲೆಗೆ ಬಿದ್ದ ಪತಂಗದ ಲೆಕ್ಕವೂ ಅವರದೇ. ಹಿಂದಿನ ಎಣಿಕೆಗಿಂತ ಏರಿದ್ದರೆ ಮಾತ್ರ ಡ್ರೋನಿನವರಿಗೆ ಫೋನು. 2024ರ ಹಂಗಾಮಿನಲ್ಲಿ ಒಂದು ಸಲದ ಎಣ್ಣೆ ಹೀಗೆ ಉಳಿಯಿತು, ಆ ದುಡ್ಡಿನಲ್ಲಿ ಕೂಲಿ ಕೊಟ್ಟೂ ಮಿಕ್ಕಿತು.

ನಾಲ್ಕೈದು ಹೊಲದವರು ಕೂಡಿ ಒಬ್ಬರನ್ನು ಗೊತ್ತು ಮಾಡಿಕೊಂಡರೆ ಅವರಿಗೆ ಹಂಗಾಮು ಪೂರ್ತಿ ಕೆಲಸ ಸಿಗುತ್ತದೆ. ನಮ್ಮಲ್ಲಿ ಈಗ ಪೈಲಟ್ ಹುಡುಗಿಯನ್ನೂ ಈ ಸುತ್ತಿಗೆ ಜೊತೆಗೆ ಕಳಿಸುತ್ತಿದ್ದೇವೆ, ತತ್ತಿಯ ಗುರುತು ಕಲಿಯಲಿ ಅಂತ.