ಬೇಸಿಗೆ ಶಿಬಿರಕ್ಕೆ ಬೇಕಾದ ಎಲಿಜಬೇತಮ್ಮಂದಿರು

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ದಿನದಿಂದ ಕಾಲೇಜು ಸೇರುವ ದಿನದವರೆಗಿನ ಅವಧಿ ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಒಂದು ರೀತಿ, ಹೆಣ್ಣುಮಕ್ಕಳಿಗೆ ಇನ್ನೊಂದು ರೀತಿ ಕಳೆಯುತ್ತದೆ. ಹುಡುಗ ಮೈದಾನದಲ್ಲಿರುತ್ತಾನೆ. ಹುಡುಗಿ ಅಡುಗೆಮನೆಯಲ್ಲಿರುತ್ತಾಳೆ, ಇಲ್ಲವೇ ತಮ್ಮತಂಗಿಯರನ್ನು ನೋಡಿಕೊಳ್ಳುತ್ತಿರುತ್ತಾಳೆ. ಆ ಕೆಲವೇ ವಾರಗಳಲ್ಲಿ, ಅವಳಿಗೆ ತಿಳಿಯುವ ಮೊದಲೇ, ಅವಳ ಮುಂದಿನ ದಾರಿಯೂ ನಿರ್ಧಾರವಾಗಿಬಿಟ್ಟಿರುತ್ತದೆ. "ಸೈನ್ಸ್ ಯಾಕೆ ಮಗಳೇ? ಖರ್ಚು ಹೆಚ್ಚು, ಓದುವುದೂ ಹೆಚ್ಚು, ಕಾಲೇಜೂ ದೂರ." ಕೆಟ್ಟ ಮನಸ್ಸಿನಿಂದ ಯಾರೂ ಹೀಗೆ ಹೇಳುವುದಿಲ್ಲ. ಆದರೆ ಆ ಮನೆಯಲ್ಲಿ ವಿಜ್ಞಾನ ಓದಿದ ಹೆಂಗಸೊಬ್ಬಳು ಕುಳಿತು, "ಇವಳಿಂದ ಆಗುತ್ತದೆ, ನಾನು ಓದಿದ್ದೇನಲ್ಲ" ಎಂದು ಹೇಳುವ ಸಂದರ್ಭ ಎಷ್ಟು ಮನೆಗಳಿಗೆ ಒದಗುತ್ತದೆ?

ಹೆಣ್ಣುಮಕ್ಕಳಿಗೆಂದೇ ಬೇಸಿಗೆಯ ವಿಜ್ಞಾನ ಶಿಬಿರಗಳನ್ನು ನಡೆಸುವ ಪದ್ಧತಿ ಹಲವು ದೇಶಗಳಲ್ಲಿದೆ. ಅಂಥ ಶಿಬಿರಗಳ ಬಗ್ಗೆ ಓದುವಾಗ ನಮ್ಮ ಗಮನ ಸಹಜವಾಗಿಯೇ ಮಕ್ಕಳ ಮೇಲೆ ಹೋಗುತ್ತದೆ. ಈ ವಾರ, ಪ್ರಿಯ ಓದುಗರೇ, ಅವರ ಹಿಂದೆ ನಿಂತಿರುವ ಸ್ವಯಂಸೇವಕರನ್ನೂ ಮಾರ್ಗದರ್ಶಕರನ್ನೂ ನೋಡೋಣ. ಏಕೆಂದರೆ ನೀವು, ನಾನು ಮಾಡಬಹುದಾದ ಕೆಲಸ ಅವರದು.

ಹಿಮದ ಮೇಲಿನ ಪಾಠಶಾಲೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪರ್ವತಗಳಲ್ಲಿ ಸೌತ್ ಕ್ಯಾಸ್ಕೇಡ್ ಎಂಬ ಹಿಮನದಿಯೊಂದಿದೆ. ಅದು ವರ್ಷವರ್ಷವೂ ಎಷ್ಟು ಕರಗುತ್ತಿದೆ ಎಂಬುದನ್ನು ವಿಜ್ಞಾನಿಗಳು 1950ರ ದಶಕದಿಂದಲೂ ಅಳೆಯುತ್ತಾ ಬಂದಿದ್ದಾರೆ. 1999ರಲ್ಲಿ ಎರಿನ್ ಪೆಟಿಟ್ ಮತ್ತು ಮಿಶೆಲ್ ಕಾಪ್ಪೆಸ್ ಎಂಬ ಇಬ್ಬರು ಯುವತಿಯರು ಹದಿಹರೆಯದ ಹುಡುಗಿಯರ ಒಂದು ಪುಟ್ಟ ತಂಡವನ್ನು ಆ ಹಿಮನದಿಯ ಮೇಲಕ್ಕೆ ಕರೆದೊಯ್ದರು. ಆಗ ಅವರಿಬ್ಬರೂ ಇನ್ನೂ ಸಂಶೋಧನಾ ಹಂತದಲ್ಲೇ ಇದ್ದವರು. 'ಗರ್ಲ್ಸ್ ಆನ್ ಐಸ್' ಎಂದು ಹೆಸರಾದ ಆ ಶಿಬಿರ 2012ರಲ್ಲಿ ಅಲಾಸ್ಕಾಕ್ಕೆ, 2017ರಲ್ಲಿ ಸ್ವಿಟ್ಜರ್ಲೆಂಡಿಗೆ ಹಬ್ಬಿತು.

ಇದರ ಕ್ರಮ ಸರಳ. ಹದಿನಾರು ಹದಿನೇಳು ವಯಸ್ಸಿನ ಎಂಟು ಹತ್ತು ಹುಡುಗಿಯರು, ಅವರೊಂದಿಗೆ ಮೂರು ನಾಲ್ಕು ಮಂದಿ ಹಿರಿಯ ಮಹಿಳೆಯರು. ಆ ಹಿರಿಯರಲ್ಲಿ ಒಬ್ಬಾಕೆ ವಿಜ್ಞಾನಿ, ಒಬ್ಬಾಕೆ ಪರ್ವತಾರೋಹಣ ಬಲ್ಲವಳು, ಇನ್ನೊಬ್ಬಾಕೆ ಚಿತ್ರಕಲಾವಿದೆ. ವಿಜ್ಞಾನ ಶಿಬಿರದಲ್ಲಿ ಕಲಾವಿದೆಗೇನು ಕೆಲಸ ಎನ್ನುವಿರಾ? ಬರೆಯಲು ಕುಳಿತವಳು ನೋಡಲು ಕಲಿಯುತ್ತಾಳೆ. ನೋಡಲು ಬಾರದವಳಿಗೆ ಅಳತೆಪಟ್ಟಿ ಕೊಟ್ಟು ಏನು ಪ್ರಯೋಜನ? ಹುಡುಗಿಯರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬೂಟು, ಚಳಿಯಂಗಿ ಇಲ್ಲದವರಿಗೆ ಅವನ್ನೂ ಎರವಲು ಕೊಡುತ್ತಾರೆ. ಹಿಂದೆ ಬೆಟ್ಟ ಹತ್ತಿದ ಅನುಭವ ಇರಬೇಕೆಂದೂ ಇಲ್ಲ. ಹನ್ನೆರಡು ದಿನಗಳ ಆಸುಪಾಸು ಅವರು ತಮ್ಮ ಹೊರೆಯನ್ನು ತಾವೇ ಹೊತ್ತು, ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹಿಮದ ಬಿರುಕುಗಳನ್ನು ದಾಟುತ್ತಾರೆ, ಗುಡಾರದಲ್ಲಿ ಮಲಗುತ್ತಾರೆ. ಕೊನೆಗೆ ತಾವು ಕಂಡುಕೊಂಡದ್ದನ್ನು ಊರಿನ ಜನರ ಮುಂದೆ ನಿಂತು ವಿವರಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪ್ರಶ್ನೆ ಹುಡುಗಿಯರದು. ಹಿಮನದಿಯ ಮೇಲೆ ಅಲ್ಲಲ್ಲಿ ಮಣ್ಣುಕಲ್ಲು ಹರಡಿರುತ್ತದೆ. ಅದರ ಅಡಿಯ ಮಂಜುಗಡ್ಡೆ ಬೇಗ ಕರಗುತ್ತದೆಯೋ ತಡವಾಗಿಯೋ? ಮಾರ್ಗದರ್ಶಕಿಗೆ ಉತ್ತರ ಗೊತ್ತು. ಕಪ್ಪು ಧೂಳು ತೆಳ್ಳಗೆ ಹರಡಿದ್ದರೆ ಅದು ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ. ಅದೇ ಮಣ್ಣು ದಪ್ಪಗೆ ಕುಳಿತರೆ ಕಂಬಳಿಯಂತೆ ಬಿಸಿಲನ್ನು ತಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಹಿಂದೆ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತಿಡುತ್ತಿದ್ದುದೂ ಇದೇ ಕಾರಣಕ್ಕೆ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಸಂಗತಿಯನ್ನು ಆಕೆ ಹೇಳದೆ ಇರುತ್ತಾಳೆ. ಹುಡುಗಿ ತಾನೇ ಹಿಮದಲ್ಲಿ ಕೋಲು ನೆಟ್ಟು, ಬೆಳಿಗ್ಗೆ ಸಂಜೆ ಅಳೆದು, ಮೊದಲ ದಿನದ ಲೆಕ್ಕ ಎರಡನೆಯ ದಿನಕ್ಕೆ ಹೊಂದದೆ ಗೊಂದಲಗೊಂಡು, ಮತ್ತೆ ಅಳೆದು ಕಂಡುಕೊಳ್ಳಲಿ ಎಂದು ಪಕ್ಕದಲ್ಲಿ ನಿಂತಿರುತ್ತಾಳೆ. ಮಕ್ಕಳನ್ನು ಬೆಳೆಸಿದವರಿಗೆ ಗೊತ್ತು, ಬಾಯಿ ಮುಚ್ಚಿ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ!

ಬೆಟ್ಟದ ಸೀಮೆಯ ಆ ಮನೆ

ಸಂತ ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ಈಗ ತೆರೆಯಿರಿ. ದೇವದೂತನ ಮಾತು ಕೇಳಿದ ಮರಿಯಮ್ಮನವರು ತಡಮಾಡದೆ ಯೂದಾಯದ ಬೆಟ್ಟದ ಸೀಮೆಗೆ ಹೊರಡುತ್ತಾರೆ. ಈ ಭೇಟಿಯನ್ನು ನಾವು ಜಪಸರದ ಸಂತೋಷದ ರಹಸ್ಯಗಳಲ್ಲಿ ಧ್ಯಾನಿಸುತ್ತೇವೆ. ಸಾಮಾನ್ಯವಾಗಿ ಪ್ರವಚನಗಳಲ್ಲಿ ಮರಿಯಮ್ಮನವರ ಸೇವಾ ಮನೋಭಾವದ ಬಗ್ಗೆ ಕೇಳುತ್ತೇವೆ. ವಯಸ್ಸಾದ ಬಸುರಿ ಬಂಧುವಿಗೆ ನೆರವಾಗಲು ಅವರು ಹೋದರು ಎನ್ನುತ್ತೇವೆ. ಅದು ಸರಿಯೇ. ಆದರೆ ಆ ಮನೆಯ ಬಾಗಿಲಲ್ಲಿ ನಡೆದುದನ್ನು ಎಲಿಜಬೇತಮ್ಮನವರ ಕಡೆಯಿಂದ ಒಮ್ಮೆ ಓದಿ ನೋಡಿ.

ಮರಿಯಮ್ಮನವರು ಚಿಕ್ಕ ಊರಿನ ಹುಡುಗಿ. ತನ್ನಲ್ಲಿ ನಡೆದಿರುವ ಮಹತ್ಕಾರ್ಯವನ್ನು ನಜರೇತಿನಲ್ಲಿ ಯಾರ ಮುಂದೆ ಹೇಳಿಕೊಳ್ಳಬೇಕು? ಹೇಳಿದರೆ ನಂಬುವವರು ಯಾರು? ಹೊಸ್ತಿಲಲ್ಲಿ ನಿಂತು ಅವರು ವಂದಿಸುತ್ತಾರೆ, ಅಷ್ಟೇ. ಮೊದಲು ಮಾತಾಡುವವರು ಹಿರಿಯಾಕೆ. ಪವಿತ್ರಾತ್ಮಭರಿತರಾಗಿ, ಗಟ್ಟಿಯಾದ ದನಿಯಲ್ಲಿ, ಈ ಹುಡುಗಿಯಲ್ಲಿ ದೇವರು ಏನು ಮಾಡಿದ್ದಾರೆಂಬುದನ್ನು ಅವರು ಗುರುತಿಸಿ ಹೇಳುತ್ತಾರೆ. ನೀನು ನಂಬಿದ್ದು ಸುಳ್ಳಾಗದು ಎಂದು ಧೈರ್ಯ ತುಂಬುತ್ತಾರೆ. ಅದಾದ ಮೇಲೆಯೇ ಮರಿಯಮ್ಮನವರ ಬಾಯಿಂದ ಆ ಸ್ತುತಿಗೀತೆ ಹೊರಡುತ್ತದೆ. ಕ್ರಮವನ್ನು ಗಮನಿಸಿ. ಹಿರಿಯಳು ಗುರುತಿಸಿದಳು, ಕಿರಿಯಳು ಹಾಡಿದಳು. ಆ ಹಾಡನ್ನು ಎಲಿಜಬೇತಮ್ಮನವರು ಕಲಿಸಿಕೊಡಲಿಲ್ಲ. ಅದು ಮರಿಯಮ್ಮನವರೊಳಗೇ ಇತ್ತು.

ಇನ್ನೊಂದು ಮಾತು. ಆ ಭೇಟಿ ಒಂದು ಮಧ್ಯಾಹ್ನದ ಊಟಕ್ಕೆ ಮುಗಿಯಲಿಲ್ಲ. ಸುಮಾರು ಮೂರು ತಿಂಗಳು ಅವರು ಅಲ್ಲಿದ್ದರು ಎಂದು ಲೂಕನು ಬರೆಯುತ್ತಾನೆ. ನಮ್ಮ ಅನೇಕ ಶಿಬಿರಗಳು ಸೋಲುವುದು ಇಲ್ಲಿಯೇ. ದೀಪ ಬೆಳಗಿಸಿ, ಅತಿಥಿಗಳಿಗೆ ಹಾರ ಹಾಕಿ, ಫೋಟೊ ತೆಗೆಸಿ, ಪ್ರಮಾಣಪತ್ರ ಹಂಚಿದರೆ ಮುಗಿಯಿತು. ಜೂನ್ ತಿಂಗಳಲ್ಲಿ ಆ ಹುಡುಗಿ ಯಾವ ಕಾಲೇಜಿನ ಸಾಲಿನಲ್ಲಿ ನಿಂತಳು, ನಿಂತಳೋ ಇಲ್ಲವೋ ಎಂದು ಕೇಳುವವರಿಲ್ಲ. ಶಿಬಿರ ಮುಗಿದ ಮೇಲೆ ಮಾರ್ಗದರ್ಶಕಿ ಕಾಣೆಯಾಗುವುದಾದರೆ, ನನ್ನ ಮಟ್ಟಿಗೆ, ಶಿಬಿರವನ್ನೇ ನಡೆಸದಿರುವುದು ಲೇಸು. ಆಸೆ ಹುಟ್ಟಿಸಿ ಕೈಬಿಡುವುದು ಒಳ್ಳೆಯ ಕೆಲಸವಲ್ಲ.

ಕಾರಿನಲ್ಲಿ ಕುಳಿತು ಉಂಡ ಗಂಡ

ಮಾರ್ಗದರ್ಶಕರೆಂದರೆ ಹೆಂಗಸರೇ ಆಗಬೇಕೆ? ವೆರಾ ರೂಬಿನ್ ಎಂಬ ಖಗೋಳ ವಿಜ್ಞಾನಿಯ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. ಯೆಹೂದ್ಯ ಮನೆತನದ ಈಕೆ ಶಾಲೆ ಮುಗಿಸಿ ವಿದ್ಯಾರ್ಥಿವೇತನ ಪಡೆದಾಗ, ವಿಜ್ಞಾನದಿಂದ ದೂರವಿದ್ದರೆ ನಿನಗೆ ಒಳ್ಳೆಯದಾದೀತು ಎಂದು ಭೌತವಿಜ್ಞಾನದ ಶಿಕ್ಷಕರೇ ಹೇಳಿದ್ದರಂತೆ. ಆಕೆ ಕೇಳಲಿಲ್ಲ. ಮದುವೆಯಾಗಿ, ಮಕ್ಕಳಾದ ಮೇಲೂ ಯೇಸುಸಭೆಯ ಗುರುಗಳು ನಡೆಸುವ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ತರಗತಿಗಳಿಗೆ ಹೋಗಿ 1954ರಲ್ಲಿ ಡಾಕ್ಟರೇಟ್ ಪಡೆದರು. ಆಕೆಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡ ಬಾಬ್ ಕೆಲಸ ಮುಗಿಸಿ ಬಂದು ಆಕೆಯನ್ನು ತರಗತಿಗೆ ಕರೆದೊಯ್ಯುತ್ತಿದ್ದರು. ಪಾಠ ಮುಗಿಯುವವರೆಗೆ ಕಾರಿನಲ್ಲೇ ಕುಳಿತು ರಾತ್ರಿಯೂಟ ಮಾಡುತ್ತಿದ್ದರು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ವೆರಾ ಅವರ ತಂದೆತಾಯಿ.

ಮುಂದೆ ನಕ್ಷತ್ರಮಂಡಲಗಳ ಸುತ್ತುವಿಕೆಯನ್ನು ಅಳೆದು, ಕಣ್ಣಿಗೆ ಕಾಣದ ದ್ರವ್ಯವೊಂದು ವಿಶ್ವದಲ್ಲಿ ತುಂಬಿದೆ ಎಂಬುದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದವರು ಇವರೇ. 1986ರಲ್ಲಿ ವ್ಯಾಟಿಕನ್ ಖಗೋಳ ವೀಕ್ಷಣಾಲಯವು ಕ್ಯಾಸ್ಟೆಲ್ ಗಂಡೋಲ್ಫೊದಲ್ಲಿ ಯುವ ವಿದ್ಯಾರ್ಥಿಗಳಿಗಾಗಿ ತನ್ನ ಮೊದಲ ಬೇಸಿಗೆ ಶಾಲೆ ತೆರೆದಾಗ ಪಾಠ ಹೇಳಲು ಬಂದವರಲ್ಲಿ ವೆರಾ ರೂಬಿನ್ ಒಬ್ಬರು. ಹುಡುಗರೂ ಹುಡುಗಿಯರೂ ಕೂಡಿ ಕಲಿಯುವ, ಪಾಠಕ್ಕೆ ಶುಲ್ಕವಿಲ್ಲದ ಶಾಲೆ ಅದು. 1996ರಲ್ಲಿ ಧರ್ಮಸಭೆ ಅವರನ್ನು ಜಗದ್ಗುರುಗಳ ವಿಜ್ಞಾನ ಅಕಾಡೆಮಿಯ ಸದಸ್ಯರನ್ನಾಗಿ ಮಾಡಿತು. 2016ರ ಕ್ರಿಸ್ತಜಯಂತಿಯ ದಿನ ತೀರಿಕೊಂಡರು. ಅವರ ನಾಲ್ಕು ಮಕ್ಕಳೂ ವಿಜ್ಞಾನ ಗಣಿತಗಳಲ್ಲಿ ಡಾಕ್ಟರೇಟ್ ಪಡೆದವರು. ಕಾರಿನಲ್ಲಿ ಕುಳಿತು ಉಂಡ ಆ ಗಂಡನನ್ನು ನಾನು ಸ್ವಯಂಸೇವಕರ ಪಟ್ಟಿಯಲ್ಲಿ ಮೊದಲಿಗೆ ಸೇರಿಸುತ್ತೇನೆ.

ಇದು ಹೊಸ ಕಾಲದ ಗಾಳಿಯೆಂದು ಯಾರೂ ಭಾವಿಸಬೇಕಾಗಿಲ್ಲ. 1732ರಲ್ಲಿ ಬೊಲೊಞ್ಞಾ ನಗರದಲ್ಲಿ ಲೌರಾ ಬಾಸ್ಸಿ ಎಂಬ ಯುವತಿ ವಿಶ್ವವಿದ್ಯಾಲಯದ ಪದವಿಯನ್ನೂ ಬೋಧಕ ಸ್ಥಾನವನ್ನೂ ಪಡೆದಾಗ ಆಕೆಯ ಬೆನ್ನಿಗೆ ನಿಂತವರು ಅಲ್ಲಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಲಾಂಬೆರ್ತೀನಿ. ಅವರೇ ಮುಂದೆ ಜಗದ್ಗುರು ಹದಿನಾಲ್ಕನೇ ಬೆನೆಡಿಕ್ಟ್ ಆದರು. ಹೆಣ್ಣೆಂಬ ಕಾರಣಕ್ಕೆ ಆಕೆಗೆ ಸಾರ್ವಜನಿಕ ಉಪನ್ಯಾಸಗಳಿಗೆ ಅವಕಾಶ ಕಡಿಮೆಯಿತ್ತು. ಆಕೆ ಮನೆಯಲ್ಲೇ ಪ್ರಯೋಗಶಾಲೆ ನಡೆಸಿ ಭೌತವಿಜ್ಞಾನ ಕಲಿಸಿದರು. ನಮ್ಮ ಬೆಂಗಳೂರಿನಲ್ಲೂ ಅಂಥ ಬಾಗಿಲೊಂದನ್ನು ತಟ್ಟಬೇಕಾಗಿತ್ತು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. ಹಟ ಹಿಡಿದ ಮೇಲೆ ಷರತ್ತುಗಳ ಮೇಲೆ ಸೇರಿಸಿಕೊಂಡರು. ಆ ಕಠಿಣ ವರ್ಷದಲ್ಲಿ ಆಕೆಯನ್ನು ತಮ್ಮ ಪ್ರಯೋಗಾಲಯದಲ್ಲಿ ಪಳಗಿಸಿದವರು ಶ್ರೀನಿವಾಸಯ್ಯ ಎಂಬ ಅಧ್ಯಾಪಕರು. ಶಿಸ್ತಿನ ಮನುಷ್ಯ, ಆದರೆ ಕೈ ಬಿಡಲಿಲ್ಲ. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಈ ನಡುವೆ ವಿಜ್ಞಾನ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆದಿತ್ತು.

ನಮ್ಮ ಧರ್ಮಕೇಂದ್ರದಲ್ಲಾದರೆ

ಹಿಮನದಿ ನಮ್ಮಲ್ಲಿಲ್ಲ. ಬೇಕಾಗಿಯೂ ಇಲ್ಲ. ಧರ್ಮಕೇಂದ್ರದ ಸಭಾಂಗಣ, ಐದು ದಿನ, ಹದಿನೈದು ಹುಡುಗಿಯರು ಸಾಕು. ಮೀನಿನ ಪೇಟೆಯಿಂದ ಒಂದೇ ಅಳತೆಯ ಮೂರು ಮಂಜುಗಡ್ಡೆ ತರಿಸಿ. ಒಂದರ ಮೇಲೆ ಇದ್ದಿಲ ಪುಡಿಯನ್ನು ತೆಳ್ಳಗೆ ಉದುರಿಸಿ, ಇನ್ನೊಂದನ್ನು ಬತ್ತದ ಹೊಟ್ಟಿನಲ್ಲಿ ಹೂಳಿ, ಮೂರನೆಯದನ್ನು ಹಾಗೆಯೇ ಬಿಟ್ಟು ಮೂರನ್ನೂ ಬಿಸಿಲಿಗಿಡಿ. ಹತ್ತು ನಿಮಿಷಕ್ಕೊಮ್ಮೆ ಅಳೆಯುವುದು, ಬರೆಯುವುದು, ವಾದಿಸುವುದು ಹುಡುಗಿಯರ ಕೆಲಸ. ಉತ್ತರ ಹೇಳದಿರುವುದು ನಿಮ್ಮದು.

ನಮ್ಮ ನಡುವೆ ಎಷ್ಟು ಮಂದಿ ದಾದಿಯರು, ಲ್ಯಾಬ್ ತಂತ್ರಜ್ಞರು, ನಿವೃತ್ತ ಗಣಿತ ಶಿಕ್ಷಕಿಯರು, ಎಂಜಿನಿಯರಿಂಗ್ ಓದಿದ ಸೊಸೆಯಂದಿರು ಇದ್ದಾರೆ! "ನಾನೇನು ವಿಜ್ಞಾನಿಯೇ?" ಎಂದು ಹಿಂಜರಿಯಬೇಡಿ. ರಕ್ತದ ಮಾದರಿ ಪರೀಕ್ಷಿಸುವಾಗ ಒಂದು ತಪ್ಪಾದರೆ ಏನಾಗುತ್ತದೆ, ಅದನ್ನು ಹೇಗೆ ತಡೆಯುತ್ತೀರಿ ಎಂದು ನೀವು ಹೇಳುವ ಅರ್ಧ ಗಂಟೆಯ ಮಾತು ಪಠ್ಯಪುಸ್ತಕದ ಒಂದು ಅಧ್ಯಾಯಕ್ಕೆ ಸಮ. ವೇದಿಕೆ ಏರುವ ಆಸೆಯವರಿಗೆ ಬೇರೆ ಕೆಲಸ ಕೊಡಿ. ಅಡುಗೆಗೆ, ಬಸ್ಸಿನ ಖರ್ಚಿಗೆ, ಶೌಚಾಲಯದಲ್ಲಿ ನೀರು ಇದೆಯೇ ಎಂದು ನೋಡುವುದಕ್ಕೆ ಜನ ಬೇಕು. ತಮ್ಮನನ್ನು ನೋಡಿಕೊಳ್ಳಬೇಕೆಂದು ಬರಲಾಗದ ಹುಡುಗಿಗೆ, ಆ ತಮ್ಮನನ್ನೂ ಕರೆದುಕೊಂಡು ಬಾ ಎಂದು ಹೇಳಿ, ಅವನನ್ನು ಆಡಿಸಲು ಒಬ್ಬ ಅಜ್ಜಿಯನ್ನು ಗೊತ್ತುಮಾಡಿ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಬಗ್ಗೆ ಪ್ರತಿಯೊಬ್ಬ ಸ್ವಯಂಸೇವಕರಿಗೂ ಮೊದಲೇ ತಿಳಿಸಿ. ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಯಾವ ಹಿರಿಯರೂ, ಎಷ್ಟೇ ಗೌರವಸ್ಥರಾಗಿರಲಿ, ಒಬ್ಬ ಹುಡುಗಿಯೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಮೊಬೈಲಿನಲ್ಲಿ ಸಂದೇಶ ಕಳುಹಿಸುವುದಾದರೆ ತಾಯಿಯೂ ಇರುವ ಗುಂಪಿಗೇ ಕಳುಹಿಸಲಿ. ಇದರಿಂದ ಮನನೊಂದುಕೊಳ್ಳುವ ಸ್ವಯಂಸೇವಕರು ಮನೆಯಲ್ಲೇ ಇರಲಿ.

ಪ್ರತಿ ಮೂವರು ಹುಡುಗಿಯರಿಗೆ ಒಬ್ಬ ಮಾರ್ಗದರ್ಶಕಿ ಇರಲಿ. ಶಿಬಿರ ಮುಗಿದ ಮೇಲೆ ಆಕೆಗೆ ಎರಡು ಕೆಲಸ. ಫಲಿತಾಂಶ ಬಂದ ವಾರ ಆ ಮೂರೂ ಮನೆಗಳಿಗೆ ಹೋಗಿ, ಹುಡುಗಿಯೊಂದಿಗಲ್ಲ, ಅವಳ ತಂದೆತಾಯಿಯೊಂದಿಗೆ ಕುಳಿತು ಮಾತಾಡುವುದು ಮೊದಲನೆಯದು. ಅಪ್ಪನ ಭಯ ಬಹುತೇಕ ಹಣದ್ದು, ಅಮ್ಮನದು ದೂರದ್ದು. ವಿದ್ಯಾರ್ಥಿವೇತನದ ಅರ್ಜಿ, ಧರ್ಮಭಗಿನಿಯರ ಹಾಸ್ಟೆಲಿನ ವಿಳಾಸ, ಬಸ್ಸಿನ ವೇಳೆ ಇವುಗಳನ್ನು ಕೈಯಲ್ಲಿ ಹಿಡಿದೇ ಹೋಗಿ, ಬರೀ ಉಪದೇಶದೊಂದಿಗೆ ಹೋಗಬೇಡಿ. ಹುಡುಗಿಗೆ ವಿಜ್ಞಾನ ಬೇಡವೆಂದಿದ್ದರೆ ಅದನ್ನೂ ಗೌರವಿಸಿ. ಅವಳು ವಾಣಿಜ್ಯ ಓದಲಿ, ಹೊಲಿಗೆ ಕಲಿಯಲಿ, ಆದರೆ ಆ ಆಯ್ಕೆ ಅವಳದಾಗಿರಲಿ. ಎರಡನೆಯ ಕೆಲಸ ಮೊದಲ ಪಿ.ಯು.ಸಿ.ಯ ಮೊದಲ ಕಿರುಪರೀಕ್ಷೆಯ ಹೊತ್ತಿನದು. ಹತ್ತನೆಯಲ್ಲಿ ತೊಂಬತ್ತು ಪಡೆದವಳು ಅಲ್ಲಿ ನಲವತ್ತು ಪಡೆದು ಅಳುತ್ತಾ ಕುಳಿತಿರಬಹುದು. ಭಾಷಾ ಮಾಧ್ಯಮ ಬದಲಾದವರಿಗೆ ಇದು ಇನ್ನೂ ಕಷ್ಟ. ಆ ವಾರ ಯಾರಾದರೂ ಅವಳ ಮನೆಗೆ ಹೋಗಬೇಕು.

ಈ ಭಾನುವಾರ ಪೂಜೆಯಾದ ಮೇಲೆ ನಿಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಹತ್ತನೆಯ ತರಗತಿ ಮುಗಿಸುತ್ತಿರುವ ಹುಡುಗಿಯರು ಎಷ್ಟು ಮಂದಿ ಎಂದು ಎಣಿಸಿ ನೋಡಿ, ಹೆಸರುಗಳನ್ನು ಬರೆದುಕೊಳ್ಳಿ. ಒಂದೊಂದು ಹೆಸರಿನ ಮುಂದೆ, ಅವರ ಮನೆಗೆ ಹೋಗಬಲ್ಲ ಒಬ್ಬೊಬ್ಬ ಹಿರಿಯಳ ಹೆಸರು ಬರೆಯಲು ಆಗುತ್ತದೆಯೇ? ಖಾಲಿ ಉಳಿದ ಜಾಗಗಳ ಮುಂದೆ ಯಾರ ಹೆಸರು ಬರೆಯಬೇಕೆಂದು ಧರ್ಮಕೇಂದ್ರದ ಗುರುಗಳೊಂದಿಗೆ ಕುಳಿತು ಮಾತಾಡಿ. ಶಿಬಿರದ ದಿನಾಂಕವನ್ನು ಆಮೇಲೆ ಗೊತ್ತುಮಾಡಬಹುದು.